ಸಿಗರೇಟು ಹೊಗೆ, ಕಂಪ್ಯೂಟರ್, ವಾರಂಟಿ: ರಿಪೇರಿಯವರನ್ನು ಕೇಳಿ

ಹಾಸನದ ಸದಸ್ಯ: ಸರ್, ಲ್ಯಾಪ್‌ಟಾಪ್ ಕಾದು ತಾನಾಗಿ ಆಫ್ ಆಗುತ್ತದೆ. ವಾರಂಟಿ ಇದೆ. ಒಳಗೆ ಸಿಗರೇಟಿನ ಜಿಡ್ಡಿದೆ, ಫ್ರೀ ಮಾಡಲ್ಲ ಅಂದರು ಕಂಪನಿಯ ಸರ್ವಿಸ್ ಸೆಂಟರ್‌ನವರು. ನ್ಯಾಯವಾ?

ರಿಪೇರಿಯವರು: ವಾರಂಟಿ ಇರುವುದು ತಯಾರಿಕೆಯ ದೋಷಕ್ಕೆ. ಸ್ಕ್ರೀನ್‌ನಲ್ಲಿ ಗೆರೆ ಬಂದು, ಫ್ಯಾನಿನ ಜಿಡ್ಡು ತೋರಿಸಿದ್ದರೆ ಜಗಳ ಆಡಿ ಅನ್ನುತ್ತಿದ್ದೆ. ನಿಮ್ಮದು ಬಿಸಿಯ ತೊಂದರೆ, ಅವರ ಮಾತಲ್ಲಿ ಹುರುಳಿದೆ. ಆದರೂ ಕಾರಣವನ್ನು ಫೋಟೊ ಸಮೇತ ಬರೆದು ಕೊಡಲು ಹೇಳಿ.

ತುಮಕೂರಿನ ಸದಸ್ಯ: ಅಮೆರಿಕದಲ್ಲಿ ಆಪಲ್‌ನವರೂ ಮುಟ್ಟಲ್ಲ ಅಂದಿದ್ದರಂತೆ?

ರಿಪೇರಿಯವರು: 2009ರಲ್ಲಿ ಅಂಥ ದೂರು ಸುದ್ದಿಯಾಗಿತ್ತು. ಕೆಲಸಗಾರರ ಆರೋಗ್ಯದ ಕಾರಣ ಕೊಟ್ಟಿದ್ದರು. ನಾನು ಗ್ಲೌಸ್ ಹಾಕಿಕೊಂಡು ಮುಟ್ಟುತ್ತೇನೆ.

ಶಿರಸಿಯ ಸದಸ್ಯೆ: ಅಪ್ಪ ಡೆಸ್ಕ್‌ಟಾಪ್ ಮುಂದೆಯೇ ಸೇದುತ್ತಾರೆ. ಸುಟ್ಟ ವಾಸನೆ ಬಂತು ಅಂತ ಎಸ್‌ಎಂಪಿಎಸ್ (ಕಂಪ್ಯೂಟರ್‌ಗೆ ಕರೆಂಟು ಕೊಡುವ ಡಬ್ಬಿ) ಬಿಚ್ಚಿದ್ದೇನೆ. ವಾಟ್ಸಾಪ್‌ನಲ್ಲಿ ಬಂದ ಹಾಗೆ ಸ್ಯಾನಿಟೈಸರ್ ಹಾಕಿ ಒರೆಸಲಾ?

ರಿಪೇರಿಯವರು: ಬೇಡ! ಮೊದಲು ಕೈ ತೆಗೆಯಿರಿ. ಪ್ಲಗ್ ಕಿತ್ತಿದ್ದರೂ ಕರೆಂಟು ಹಿಡಿದಿಟ್ಟುಕೊಳ್ಳುವ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್ ದಾಟಿದ ಕರೆಂಟು ಉಳಿದಿರಬಹುದು. ಒಳಗೇನೂ ಮುಟ್ಟದೆ ಮುಚ್ಚಳ ಹಾಕಿ. ಸ್ಯಾನಿಟೈಸರ್‌ನಲ್ಲಿ ನೀರು, ಗ್ಲಿಸರಿನ್ ಇರುತ್ತವೆ. ಒಂದು ಅಂಟಿನ ಮೇಲೆ ಇನ್ನೊಂದು ಅಂಟು, ಅಷ್ಟೇ. ಈ ಮೆಸೇಜು ಬರೆದವರು ಯಾವತ್ತಾದರೂ ಸ್ಕ್ರೂಡ್ರೈವರ್ ಹಿಡಿದಿದ್ದಾರಾ?

ಹೊಗೆಯ ಟಾರು ಧೂಳನ್ನು ಹಿಡಿದುಕೊಳ್ಳುತ್ತದೆ. ಚಿಪ್‌ನ ಬಿಸಿ ಹೊರಹಾಕುವ ಲೋಹದ ಹೀಟ್‌ಸಿಂಕ್ ಸಂದಿಯಲ್ಲಿ ಕಂಬಳಿಯ ಹಾಗೆ ಕೂರುತ್ತದೆ. ಬ್ಲೋವರ್‌ಗೆ ಜಗ್ಗುವುದಿಲ್ಲ. ಚಿಮಟದಿಂದ ಎಳೆದರೆ ಕಂದು ಪದರವೇ ಎದ್ದು ಬರುತ್ತದೆ. ಬೋರ್ಡ್ ಒರೆಸುವುದಾದರೆ 99% ಐಸೊಪ್ರೊಪೈಲ್ ಆಲ್ಕೊಹಾಲ್, ಮೆತ್ತನೆ ಬ್ರಷ್, ಚಿಪ್‌ನಿಂದ ಹೀಟ್‌ಸಿಂಕ್‌ಗೆ ಬಿಸಿ ದಾಟಿಸಲು ಹೊಸ ಥರ್ಮಲ್ ಪೇಸ್ಟ್. ಸುಟ್ಟ ವಾಸನೆಯ ಎಸ್‌ಎಂಪಿಎಸ್‌ಗೆ ಇದ್ಯಾವುದೂ ಬೇಡ, ಹೊಸದು ಹಾಕಿಸಿ.

ಗದಗದ ಸದಸ್ಯ: ಸೇದುವವರ ಲ್ಯಾಪ್‌ಟಾಪ್‌ಗೆ ವಾರಂಟಿ ಸಿಗುತ್ತಾ ಸರ್?

ರಿಪೇರಿಯವರು: ಮೇಲೆ ಓದಿ.

ಮೈಸೂರಿನ ಸದಸ್ಯ: ಸೇದುವುದು ಬಿಟ್ಟರೆ ಮುಗೀತಲ್ಲ!

ತುಮಕೂರಿನ ಸದಸ್ಯ: ನಿಮ್ಮ ಮನೆ ಊದುಬತ್ತಿ ಹೊಗೆ ಏನು ಗಂಧದ ಗಾಳಿಯಾ?

ಮೈಸೂರಿನ ಸದಸ್ಯ: ಪೂಜೆಯನ್ನು ಮಧ್ಯೆ ತರಬೇಡಿ.

ರಿಪೇರಿಯವರು: ಊದುಬತ್ತಿ ಹೊಗೆಯೂ ಜಿಡ್ಡು ಕೂರಿಸುತ್ತದೆ. ದೇವರಕೋಣೆಯ ಪಕ್ಕ ಇಟ್ಟಿದ್ದ ಕಂಪ್ಯೂಟರ್‌ಗಳನ್ನೂ ಬಿಚ್ಚಿದ್ದೇನೆ.

ಮೈಸೂರಿನ ಸದಸ್ಯ: ನಿಮಗೂ ಸೇದುವ ಚಟ ಇರಬೇಕು.

ಬಳ್ಳಾರಿಯ ಸದಸ್ಯ: ಸೆಕೆಂಡ್ ಹ್ಯಾಂಡ್ ತಗೊಂಡೆ, ಹೊಗೆ ವಾಸನೆ ಹೋಗುತ್ತಿಲ್ಲ. ಏನು ಮಾಡಲಿ?

ಗದಗದ ಸದಸ್ಯ: ಮೇಲೆ ಓದಿದೆ. ಸಿಗುತ್ತಾ ಇಲ್ವಾ, ಒಂದೇ ಮಾತಲ್ಲಿ ಹೇಳಿ.

ತುಮಕೂರಿನ ಸದಸ್ಯ: ವ್ಯಾಕ್ಯೂಮ್ ಕ್ಲೀನರ್ ಹಿಡಿದರೆ ಸಾಕಂತೆ, ವಿಡಿಯೊ ಹಾಕಲಾ?

ರಿಪೇರಿಯವರು: ಹಾಕಬೇಡಿ. ಉಜ್ಜಾಟದಿಂದ ಹುಟ್ಟುವ ಸ್ಟ್ಯಾಟಿಕ್ ಕರೆಂಟಿನಿಂದ ಬೋರ್ಡ್ ಹೋದರೆ ಆ ವಿಡಿಯೊದವರು ದುಡ್ಡು ಕೊಡಲ್ಲ. ಶಿರಸಿಯವರೇ, ಮುಚ್ಚಳ ಹಾಕಿದಿರಾ?

ಶಿರಸಿಯ ಸದಸ್ಯೆ: ಹಾಕಿದೆ ಸರ್. ಒಂದು ಸ್ಕ್ರೂ ಮಾತ್ರ ಸಿಗುತ್ತಿಲ್ಲ.

ರಿಪೇರಿಯವರು: ಒಳಗೇ ಬಿದ್ದಿರಬಹುದು. ಪ್ಲಗ್ ಹಾಕಲೇಬೇಡಿ.