ಹೊಸ ಬಾತ್‌ಟಬ್‌ನ ಡ್ರೈನ್ ಹಳೇ ಪೈಪಿಗೆ ನೇರ ಬರ್ತಿಲ್ಲ

ಪ್ರಶ್ನೆ: ಟಬ್‌ನ ಡ್ರೈನ್ ಪೈಪ್ 40 ಮಿ.ಮೀ., ನೆಲದಲ್ಲಿರೋ ಹಳೇ ಪಿವಿಸಿ ಟ್ರ್ಯಾಪಿನ (ವಾಸನೆ ಮೇಲೆ ಬರದಂತೆ ನೀರು ಹಿಡಿದಿಡೋ ಬಾಗಿದ ಪೈಪ್) ಬಾಯಿ 50. ಎರಡೂ ಮೂರು ಬೆರಳಷ್ಟು ಆಚೀಚೆ ಇವೆ. ಫ್ಲೆಕ್ಸಿಬಲ್ ಪೈಪ್ ಹಾಕಿ ಮುಗಿಸಬಹುದಾ?

ಉತ್ತರ 1: ಬೇಡ. ಅದರ ಸುಕ್ಕುಗಳಲ್ಲಿ ಕೂದಲು, ಸೋಪಿನ ಜಿಡ್ಡು ಕಟ್ಟುತ್ತೆ. 45 ಡಿಗ್ರಿಯ ಎರಡು ಬೆಂಡ್‌ನಲ್ಲಿ ಓರೆ ಸರಿಮಾಡಿ, ಕೊನೆಗೆ 50×40 ರೆಡ್ಯೂಸರ್ (ಎರಡು ಅಳತೆಯ ಪೈಪ್ ಸೇರಿಸೋ ಜೋಡಣೆ) ಹಾಕಿ. ಅಡ್ಡ ಪೈಪಿಗೆ ಮೀಟರಿಗೆ 2 ಸೆಂ.ಮೀ. ಇಳಿಜಾರು ಇರಲಿ. ಸಾಲ್ವೆಂಟ್ (ಪಿವಿಸಿ ಅಂಟು) ಹಚ್ಚೋ ಮೊದಲು ಎಲ್ಲ ಹಾಗೇ ಜೋಡಿಸಿ, ಪ್ರತಿ ಜಾಯಿಂಟ್ ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೆದುಕೊಳ್ಳಿ. ಅಂಟು ಕೆಲವೇ ಸೆಕೆಂಡಿನಲ್ಲಿ ಹಿಡಿಯುತ್ತೆ, ಆಮೇಲೆ ತಿರುಗಿಸೋಕೆ ಬರಲ್ಲ.

ಉತ್ತರ 2: ಟಬ್ ಜೊತೆ ಬೇರೆ ಟ್ರ್ಯಾಪ್ ಬಂದಿದ್ದರೆ ಅದನ್ನ ಪಕ್ಕಕ್ಕಿಡಿ. ಒಂದರ ಹಿಂದೆ ಒಂದು ಟ್ರ್ಯಾಪ್ ಇದ್ದರೆ ನಡುವೆ ಗಾಳಿ ಸಿಕ್ಕಿಕೊಂಡು ನೀರು ಗುಳುಗುಳು ಅಂತ ತಡೆದು ತಡೆದು ಇಳಿಯುತ್ತೆ.

ಉತ್ತರ 3: ಸೋರೋದು ಹೆಚ್ಚಾಗಿ ಅಂಟಿಸಿದ ಕಡೆ ಅಲ್ಲ, ಡ್ರೈನ್ ಬಾಯಿಯ ಅಡಿಯ ರಬ್ಬರ್ ವಾಷರ್ ಹತ್ತಿರ. ನಟ್ ವಿಪರೀತ ಬಿಗಿದರೆ ವಾಷರ್ ಒಂದು ಪಕ್ಕಕ್ಕೆ ಜಾರಿ ಹೊರಗೆ ಇಣುಕುತ್ತೆ. ಕೈಯಲ್ಲಿ ಬಿಗಿದು, ಪಾನಾದಲ್ಲಿ ಕಾಲು ಸುತ್ತು, ಅಷ್ಟೇ. ಓವರ್‌ಫ್ಲೋ ತೂತಿನವರೆಗೂ ನೀರು ತುಂಬಿಸಿ ಒಂದು ಗಂಟೆ ಬಿಡಿ. 200 ಲೀಟರ್ ಅಂದ್ರೆ 200 ಕೆಜಿ, ಟಬ್ ಕೊಂಚ ಕುಸಿದಾಗಲೇ ಕಳ್ಳ ಸೋರಿಕೆ ಹೊರಬೀಳೋದು. ಕೆಳಗೆ ಒಣ ಟಿಶ್ಯೂ ಒತ್ತಿ ನೋಡಿ. ಗೋಡೆ ಅಂಚಿಗೆ ಸಿಲಿಕಾನ್ ಎಳೆಯೋದೂ ಟಬ್ ತುಂಬಿರುವಾಗಲೇ, ಇಲ್ಲಾಂದ್ರೆ ಮೊದಲ ಸ್ನಾನಕ್ಕೇ ಬಿರುಕು ಬಿಡುತ್ತೆ.

ಉತ್ತರ 1 (ಮತ್ತೆ): ಹೌದು, ಉತ್ತರ 3 ಹೇಳಿದ್ದು ಸರಿ. ಟಬ್ ಪಕ್ಕ ಟೈಲ್ಸ್ ಮುಚ್ಚೋ ಮೊದಲು, ಡ್ರೈನ್ ಇರೋ ಕಡೆ ತೆಗೆಯೋಕೆ ಬರೋ ಒಂದು ಬಾಗಿಲು ಇಡಿಸಿ.