ಉಪಮೆಯಿಂದ ಕಥೆಯ ಭಾವ ಕೆಡುತ್ತಾ? ಭಟ್ಟಿಯ ಕಥೆಯೊಂದರ ಬಗ್ಗೆ ಸಲಹೆ ಬೇಕು

ಚಳ್ಳಕೆರೆ ಹುಡುಗ:

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಗಂಗಮ್ಮ ಅನ್ನೋ ಹೆಂಗಸಿನ ಮೇಲೆ ಒಂದು ಸಣ್ಣಕಥೆ ಬರೆದಿದ್ದೀನಿ. ಗಂಡನ ತಿಥಿ ಮುಗಿದ ಮಾರನೇ ದಿನ ನಸುಕಿನಲ್ಲೇ ಅವಳು ಕೆಲಸಕ್ಕೆ ಬರ್ತಾಳೆ. ಇಡೀ ಕಥೆ ನಡೆಯೋದು ಆ ಒಂದು ದಿನದಲ್ಲಿ. ಶುರು ಹೀಗಿದೆ:

"ಬೆಳದಿಂಗಳು ಮುತ್ತಿನ ಮಳೆಯಂತೆ ಸುರಿಯುತ್ತಿತ್ತು. ಭಟ್ಟಿಯ ಹೊಗೆ ಕರಿನಾಗರದಂತೆ ಹೆಡೆಯೆತ್ತಿ ಆಕಾಶಕ್ಕೆ ಏರುತ್ತಿತ್ತು. ಗಂಗಮ್ಮನ ಮನಸ್ಸು ಬಿರುಗಾಳಿಗೆ ಸಿಕ್ಕ ದೋಣಿಯಾಗಿತ್ತು."

ಓದಿದ ಗೆಳೆಯ, "ಭಾಷೆ ಚೆನ್ನಾಗಿದೆ, ಆದರೆ ದುಃಖ ತಟ್ಟಲಿಲ್ಲ, ಉಪಮೆ ಎಲ್ಲ ತೆಗೆದುಹಾಕು" ಅಂತಾನೆ. ಉಪಮೆ ತೆಗೆದರೆ ವರದಿ ಓದಿದ ಹಾಗೆ ಆಗಲ್ವಾ? ಕಥೆಯ ಒಳಗಿನ ಭಾವಕ್ಕೂ ಅಲಂಕಾರಕ್ಕೂ ಏನು ಸಂಬಂಧ ಅಂತ ಬಲ್ಲವರು ತಿಳಿಸಿ.

ಬೇತೂರು ರಸ್ತೆ:

ಉಪಮೆ ತೆಗೆಯೋದು ಬ್ಯಾಡ್ರಿ. ಅವು ಎಲ್ಲಿಂದ ಬಂದಾವೆ ಅನ್ನೋದನ್ನ ಮೊದಲು ನೋಡೋಣ.

ಮುತ್ತು, ನಾಗರಹಾವು, ದೋಣಿ. ಮುತ್ತಿನ ಮಳೆ ಅಂದ ಕೂಡಲೇ ಓದುಗನ ಮನಸ್ಸು ಸೊಗಸಿನ ಕಡೆ ಹೊರಳುತ್ತೆ. ಮುಂದಿನ ಸಾಲಿನ ನಾಗರಹಾವು ಅವನನ್ನ ಹೆದರಿಸುತ್ತೆ. ಮೂರನೇ ಸಾಲಿಗೆ ಸಮುದ್ರ ಬರುತ್ತೆ. ಒಂದೊಂದೂ ಬಿಡಿಯಾಗಿ ಚೆನ್ನಾಗೇ ಇವೆ, ಆದರೆ ಮೂರು ಸಾಲಿನಲ್ಲಿ ಮೂರು ದಿಕ್ಕಿಗೆ ಎಳೆದರೆ ಓದುಗ ಎಲ್ಲಿ ನಿಲ್ಲಬೇಕು? ಗಂಗಮ್ಮ ದೋಣಿ ನೋಡಿದಾಳಾ? ಹರಿಹರದ ಹೊಳೆ ತನಕ ಹೋಗಿದ್ದರೂ ಬಿರುಗಾಳಿಗೆ ಸಿಕ್ಕ ದೋಣಿ ಅವಳ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ. ಆ ಮಾತು ಅವಳದಲ್ಲ, ನಿಮ್ಮದು. ನೀವು ಮಾತಾಡಿದ ಕೂಡಲೇ ಅವಳು ಹಿಂದೆ ಸರಿದುಬಿಡ್ತಾಳೆ.

ನಾನು ಕನ್ನಡ ಪಾಠ ಮಾಡೋಳು. ಉಪಮೇಯ, ಉಪಮಾನ, ವಾಚಕ ಪದ, ಸಮಾನ ಧರ್ಮ ಅಂತ ನಾಲ್ಕನ್ನೂ ಗುರುತಿಸಿದರೆ ಪೂರ್ತಿ ಅಂಕ ಕೊಡ್ತೀವಿ. ಈ ಉಪಮಾನ, ಅಂದ್ರೆ ಹೋಲಿಸೋಕೆ ತಂದ ವಸ್ತು, ಯಾರ ಬದುಕಿನಿಂದ ಬಂತು ಅಂತ ಪ್ರಶ್ನೆಪತ್ರಿಕೆ ಯಾವತ್ತೂ ಕೇಳಲ್ಲ. ಕಥೆಯಲ್ಲಿ ಭಾವವನ್ನ ಕಟ್ಟೋದು ಅದೇ.

ನಮ್ಮ ಚಿಕ್ಕಮ್ಮ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡ್ತಿದ್ದರು. ಸಣ್ಣವಳಿದ್ದಾಗ ಬುತ್ತಿ ಕೊಡೋಕೆ ಹೋಗ್ತಿದ್ದೆ. ಒಳಗೆ ಕಾಲಿಟ್ಟರೆ ಮೊದಲು ತಾಗೋದು ಬಿಸಿ, ಆಮೇಲೆ ಕಣ್ಣುರಿ. ದೊಡ್ಡ ಬಾಣಲೆಯಲ್ಲಿ ಮರಳು ಕಾದಿರುತ್ತೆ. ಉಪ್ಪುನೀರು ಹಿಡಿಸಿದ ಅಕ್ಕಿಯನ್ನ ಅದರೊಳಗೆ ಸುರಿದ ಕೂಡಲೇ ಚಟಪಟ ಅಂತ ಅರಳುತ್ತೆ. ಕಣ್ಣು ಮಿಟುಕಿಸುವಷ್ಟರಲ್ಲಿ ಬಾಚಿ ಜರಡಿಗೆ ಹಾಕಬೇಕು, ಇಲ್ಲಾಂದ್ರೆ ಕಂದುತ್ತೆ. ಮರಳು ಕೆಳಗೆ ಇಳಿಯುತ್ತೆ, ಬೆಳ್ಳಗಿನ ಮಂಡಕ್ಕಿ ಮೇಲೆ ಉಳಿಯುತ್ತೆ. ಅರಳದ ಕಾಳು ಕೆಲವು ಮರಳಿನ ಜೊತೆ ಜಾರಿ ಮತ್ತೆ ಬಾಣಲೆಗೇ ಹೋಗ್ತವೆ. ಹೊಗೆ ಅಂತೂ ಹಾವಿನ ಹಾಗೆ ಯಾರಿಗೂ ಕಾಣ್ತಿರಲಿಲ್ಲ. ಸೆರಗಿನಲ್ಲಿ, ಕೂದಲಲ್ಲಿ, ರಾತ್ರಿ ತಿನ್ನೋ ರೊಟ್ಟಿಯಲ್ಲೂ ಅದರ ವಾಸನೆ ಇರ್ತಿತ್ತು.

ಈಗ ನಿಮ್ಮ ಆರಂಭವನ್ನ ಹೀಗೆ ಓದಿ ನೋಡಿ:

"ಬಾಣಲೆಯ ಮರಳು ಆಗಲೇ ಕಾದಿತ್ತು. ಗಂಗಮ್ಮ ಅಕ್ಕಿ ಸುರಿದಳು. ಚಟಪಟ ಎದ್ದದ್ದನ್ನು ಬಾಚಿ ಜರಡಿ ಹಿಡಿದಳು. ಅರಳದ ಕಾಳು ಮರಳಿನ ಜೊತೆ ಮತ್ತೆ ಬಾಣಲೆಗೆ ಇಳಿದವು. ಸೆರಗಿಗೆ ಮೂಗು ಒರೆಸಿಕೊಂಡಳು. ಇಷ್ಟು ದಿನ ಮನೆಯಲ್ಲಿ ಕೂತಿದ್ದರೂ ಅದರ ಹೊಗೆ ಹೋಗಿರಲಿಲ್ಲ."

ಇಲ್ಲಿ 'ಅಂತೆ', 'ಹಾಗೆ' ಒಂದೂ ಇಲ್ಲ. ಆದರೂ ಮತ್ತೆ ಬೆಂಕಿಗೇ ಇಳಿದ ಕಾಳು ಯಾರು ಅಂತ ಓದುಗನಿಗೆ ಹೇಳಬೇಕಿಲ್ಲ. ಇದನ್ನೂ ಅಲಂಕಾರ ಅಂತಲೇ ತಿಳೀರಿ, ವರದಿ ಅಲ್ಲ. ಕಥೆಯ ನಡುವೆ ಒಮ್ಮೆ, ಗಂಡನ ಮಾತು ಬರುವಲ್ಲಿ, ಆ ಕಾಳು ಇನ್ನೊಂದು ಸಲ ಕಂಡರೆ ಸಾಕು. ಮೂರನೇ ಸಲ ತಂದರೆ ಕೈ ಮುರಿದುಬಿಡ್ತೀನಿ ಅಂತ ನನ್ನ ವಿದ್ಯಾರ್ಥಿಗಳಿಗೆ ಹೇಳ್ತಿರ್ತೀನಿ.

ಒಂಬತ್ತನೇ ಶತಮಾನದಲ್ಲೇ ಕಾಶ್ಮೀರದ ಕಾವ್ಯಮೀಮಾಂಸಕ ಆನಂದವರ್ಧನ ಇದನ್ನ ಹೇಳಿಬಿಟ್ಟಿದಾನೆ. ರಸದಲ್ಲಿ ಮುಳುಗಿ ಬರೆಯುವಾಗ ಬೇರೆ ಪ್ರಯತ್ನವಿಲ್ಲದೆ ತಾನಾಗಿ ಒದಗುವುದೇ ಅಲಂಕಾರ. ಹೊತ್ತು ನೋಡಿ ಹಿಡಿಯಬೇಕು, ಹೊತ್ತು ನೋಡಿ ಬಿಡಬೇಕು, ಕೊನೆತನಕ ಎಳೆಯಬಾರದು. ಅವನು ಹೇಳಿದ್ದು ಕಾವ್ಯಕ್ಕೆ. ಸಣ್ಣಕಥೆಯಲ್ಲಿ ಜಾಗವೇ ಕಡಿಮೆ, ಹಾಗಾಗಿ ಇಲ್ಲಿ ಇನ್ನೂ ಬಿಗಿಯಾಗಿ ಅನ್ವಯಿಸುತ್ತೆ ಅಂತ ನನ್ನ ನಂಬಿಕೆ.

ವೇದಾವತಿ ದಂಡೆ:

ಮೇಡಂ ಹೇಳಿದ್ದಕ್ಕೆ ನಮ್ಮ ಹಿರಿಯೂರು ಕಡೆಯದೊಂದು ಸೇರಿಸ್ತೀನಿ. ವೇದಾವತಿ ಹೊಳೆಯ ಮಾರಿಕಣಿವೆ ಅಣೆಕಟ್ಟು ಕಟ್ಟಿ ಮುಗಿದದ್ದು 1907ರಲ್ಲಿ. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಆಮೇಲೆ ಕೋಡಿ ಬಿದ್ದದ್ದು 2022ರಲ್ಲೇ. ಎಂಬತ್ತು ದಾಟಿದವರೂ ಆವತ್ತೇ ಮೊದಲು ನೋಡಿದ್ದು. ನಮ್ಮೂರಿನ ಅಜ್ಜ ಒಬ್ಬರು ಬಹಳ ಹೊತ್ತು ನಿಂತು ನೋಡಿ, "ಎಷ್ಟು ಎಕರೆ ಐತಪ್ಪಾ ಇದು, ಒಂದು ಕಳೆ ಇಲ್ದಂಗೆ" ಅಂದರು. ಜೀವಮಾನ ಪೂರ್ತಿ ಶೇಂಗಾ ಹೊಲದಲ್ಲಿ ಕಳೆ ಕಿತ್ತವರು ನೀರನ್ನೂ ಹೊಲ ಅಂತಲೇ ಅಳೆದರು. ಅದೇ ಜಾಗದಲ್ಲಿ ಕಥೆಗಾರ "ಸಾಗರದಂತೆ" ಅಂತ ಬರೆದಿದ್ದರೆ ನನಗೆ ಬರಗಾಲವೂ ಕಾಣ್ತಿರಲಿಲ್ಲ, ಅಜ್ಜನೂ ಕಾಣ್ತಿರಲಿಲ್ಲ.

ಜೋಗಿಮಟ್ಟಿ ಗಾಳಿ:

ಪಾತ್ರದ ಬದುಕಿನಿಂದಲೇ ಉಪಮಾನ ಬರಬೇಕು ಅನ್ನೋದನ್ನ ನಾನು ಪೂರ್ತಿ ಒಪ್ಪಲ್ಲ. ಹಾಗೆ ಹೇಳಿದ್ದಕ್ಕೇ ಚಿತ್ರದುರ್ಗದವರ ಕಥೆಯಲ್ಲೆಲ್ಲ ಮೌನ ಬಂಡೆಯಂತೆ, ಹಟ ಕೋಟೆಯಂತೆ ಇರುತ್ತೆ. ಅವೂ ಸ್ಥಳೀಯವೇ, ಆದರೆ ಸವೆದು ಹೋಗಿವೆ. ನಿರೂಪಕ ಹೊರಗಿನವನಾದರೆ, ಉದಾಹರಣೆಗೆ ಬೆಂಗಳೂರಿಂದ ಬಂದ ಮಗನಾದರೆ, ಅವನಿಗೆ ಹೊಗೆ ಹಾವಿನ ಹಾಗೆ ಕಂಡರೆ ತಪ್ಪೇನು?

ಬೇತೂರು ರಸ್ತೆ:

ತಪ್ಪೇ ಇಲ್ಲ. ಮಗನಿಗೆ ಹಾವಿನ ಹಾಗೆ ಕಾಣಲಿ, ಪಕ್ಕದಲ್ಲೇ ನಿಂತ ತಾಯಿಗೆ ಅದು ಕಾಣದೇ ಇರಲಿ. ಇಬ್ಬರ ನಡುವಿನ ದೂರ ಆ ಒಂದು ಉಪಮೆಯಲ್ಲೇ ಗೊತ್ತಾಗುತ್ತೆ, ಜಗಳದ ದೃಶ್ಯ ಬೇಕಾಗಲ್ಲ. ಬಂಡೆ, ಕೋಟೆ ವಿಷಯದಲ್ಲಿ ನಿಮ್ಮ ಮಾತು ನಿಜ. ಸ್ಥಳೀಯ ಅಂದ ಮಾತ್ರಕ್ಕೆ ಜೀವ ಬರಲ್ಲ, ಪಾತ್ರ ಅದನ್ನ ಕೈಯಲ್ಲಿ ಮುಟ್ಟಿರಬೇಕು. ಕಲ್ಲು ಒಡೆಯೋ ಕೂಲಿಯವನ ಕಥೆಯಲ್ಲಿ ಬಂಡೆ ಬಂದರೆ ನಾನು ಎದ್ದು ಕೂತು ಓದ್ತೀನಿ.

ಚಳ್ಳಕೆರೆ ಹುಡುಗ:

ಎಲ್ಲರಿಗೂ ಧನ್ಯವಾದ. ದೋಣಿ, ಮುತ್ತು ಎರಡನ್ನೂ ತೆಗೆದೆ. ಒಂದು ಅನುಮಾನ ಉಳಿದಿದೆ. ಕಥೆಯ ಮಧ್ಯೆ ಜೊತೆಗಾರ್ತಿ ಒಬ್ಬಳು "ನಿನ್ನ ನೋಡಿದ್ರೆ ಹೊಟ್ಟಿ ಉರೀತದವ್ವ" ಅಂತಾಳೆ. ಸವಕಲು ಮಾತು ಅಂತ ಅದನ್ನೂ ತೆಗೀಲಾ?

ಬೇತೂರು ರಸ್ತೆ:

ಅಯ್ಯೋ, ಅದನ್ನ ಮುಟ್ಟಬೇಡಿ! ಬೇರೆ ಕಥೆಯಲ್ಲಾದರೆ ಸವಕಲೇ. ಆದರೆ ಒಲೆ ಎದುರಿಗೆ ಕೂತವಳ ಬಾಯಲ್ಲಿ ಬಂದಾಗ ಆ ಉರಿ ನಿಜವಾಗಿ ತಾಗುತ್ತೆ. ಅದಾದ ಮೇಲೆ ಗಂಗಮ್ಮ ಏನೂ ಉತ್ತರ ಕೊಡೋದು ಬೇಡ. ಮುಂದಿನ ಒಬ್ಬೆ ಅಕ್ಕಿ ಸುರೀಲಿ. ತಿದ್ದಿದ ಕೊನೆಯ ಪುಟ ಇಲ್ಲೇ ಹಾಕಿ, ಭಾನುವಾರ ಕೂತು ಓದಿ ಹೇಳ್ತೀನಿ.