ಹೊಸ ಪ್ರೋಗ್ರೆಸ್ಸಿವ್ ಕನ್ನಡಕ, ಮೆಟ್ಟಿಲು ತೇಲಿದ ಹಾಗೆ ಕಾಣುತ್ತೆ. ನಿಮಗೂ ಹೀಗಾಗಿತ್ತಾ?

ಹಾಸನದ ಟೀಚರ್:

ನನಗೆ 48 ವರ್ಷ. ದೂರದ್ದಕ್ಕೆ ಕನ್ನಡಕ ಹಾಕಲು ಶುರು ಮಾಡಿ ಇಪ್ಪತ್ತು ವರ್ಷ ಆಯಿತು. ಈಚೆಗೆ ಮಕ್ಕಳ ನೋಟ್‌ಬುಕ್ ತಿದ್ದಲು ಕನ್ನಡಕ ತೆಗೆಯುವುದು, ಬೋರ್ಡ್ ನೋಡಲು ಮತ್ತೆ ಹಾಕುವುದು, ದಿನವೆಲ್ಲ ಇದೇ ಆಗಿತ್ತು. ಡಾಕ್ಟರ್ ಚಾಳೀಸು ಬಂದಿದೆ ಅಂದರು. ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜಿನಲ್ಲಿ ನೋಡುವ ಪ್ರೋಗ್ರೆಸ್ಸಿವ್ ಹಾಕಿಸಿಕೊಂಡೆ. ಇವತ್ತಿಗೆ ಆರು ದಿನ. ಮೆಟ್ಟಿಲು ಇಳಿಯುವಾಗ ನೆಲ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ, ತಲೆ ತಿರುಗಿಸಿದರೆ ಪಕ್ಕದ್ದೆಲ್ಲ ಅಲ್ಲಾಡುತ್ತೆ. ಅಂಗಡಿಯವರು ಅಭ್ಯಾಸ ಆಗುತ್ತೆ ಅಂತಾರೆ. ಮುಂದಿನ ತಿಂಗಳು ಮಕ್ಕಳನ್ನು ಶ್ರವಣಬೆಳಗೊಳಕ್ಕೆ ಕರೆದುಕೊಂಡು ಹೋಗಬೇಕು, ವಿಂಧ್ಯಗಿರಿಯ ಆರುನೂರಕ್ಕೂ ಜಾಸ್ತಿ ಮೆಟ್ಟಿಲು ನೆನೆಸಿಕೊಂಡರೆ ಭಯ. ಹಾಕಿಕೊಂಡವರು ದಯವಿಟ್ಟು ಹೇಳಿ, ಎಷ್ಟು ದಿನ ಬೇಕು?

ಚಿಕ್ಕಮಗಳೂರಿನಿಂದ:

ಮೇಡಂ, ಅಭ್ಯಾಸ ಆಗುತ್ತೆ, ಸಾಮಾನ್ಯವಾಗಿ ಎರಡು ವಾರ. ಆದರೆ ಎಲ್ಲವನ್ನೂ ಅಭ್ಯಾಸದ ತಲೆಗೆ ಕಟ್ಟಿ ಸಹಿಸಿಕೊಂಡು ಕೂರಬೇಡಿ. ನಾನು ಹಾಗೆ ಎರಡೂವರೆ ತಿಂಗಳು ಕಳೆದೆ. ತಪ್ಪು ಇದ್ದದ್ದು ನನ್ನ ಕಣ್ಣಿನಲ್ಲಲ್ಲ, ಗಾಜು ಕೂರಿಸಿದ ಎತ್ತರದಲ್ಲಿ.

ನಾನು ಇಲ್ಲಿ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಕೆಲಸ. ಕೊಯ್ಲಿನ ಸಮಯದಲ್ಲಿ ಸಂಜೆ ಕಣದಲ್ಲಿ ನಿಂತು ಹಣ್ಣು ತೂಕ ಮಾಡಿಸಬೇಕು, ತಕ್ಕಡಿಯ ಮುಳ್ಳು ನೋಡಬೇಕು, ಆಳಿನ ಮುಖ ನೋಡಬೇಕು, ತಕ್ಷಣ ಪುಸ್ತಕದಲ್ಲಿ ಬರೆಯಬೇಕು. ದೂರ, ನಡು, ಹತ್ತಿರ ಮೂರೂ ಒಂದೇ ನಿಮಿಷದಲ್ಲಿ. ಅದಕ್ಕೇ ಪ್ರೋಗ್ರೆಸ್ಸಿವ್ ಹಾಕಿಸಿದ್ದು. ಹಾಕಿದ ದಿನದಿಂದ ಪುಸ್ತಕದ ಅಂಕಿ ಕಾಣಬೇಕೆಂದರೆ ಗಲ್ಲ ಮೇಲೆತ್ತಬೇಕಿತ್ತು. ರಾತ್ರಿ ಹೊತ್ತಿಗೆ ಕುತ್ತಿಗೆ ಹಿಡಿದುಕೊಳ್ಳುತ್ತಿತ್ತು. 47 ಕಿಲೋವನ್ನು 41 ಅಂತ ಬರೆದು ಒಬ್ಬ ಹೆಂಗಸಿನ ಕೂಲಿಗೆ ಕಡಿಮೆ ಬಿದ್ದಿತ್ತು. ಆಕೆ ಬಂದು ಕೇಳಿದಾಗ ಸರಿ ಮಾಡಿಕೊಟ್ಟೆ, ಆದರೆ ಅವತ್ತು ಆದ ಸಂಕಟ ಈಗಲೂ ಮರೆತಿಲ್ಲ.

ಆಮೇಲೆ ಬೇರೆ ಅಂಗಡಿಗೆ ಹೋದೆ. ಅಲ್ಲಿ ಪರೀಕ್ಷೆ ಮಾಡುವ ಹುಡುಗಿ ಗಾಜನ್ನು ಬೆಳಕಿಗೆ ಹಿಡಿದು ತೋರಿಸಿದಳು. ಪ್ರೋಗ್ರೆಸ್ಸಿವ್ ಗಾಜಿನ ಮೇಲೆ ಬರಿಗಣ್ಣಿಗೆ ಸುಲಭವಾಗಿ ಕಾಣದ ಎರಡು ಸಣ್ಣ ಗುರುತು ಕೊರೆದಿರುತ್ತಾರೆ, ಒಂದಕ್ಕೊಂದು 34 ಮಿಲಿಮೀಟರ್ ದೂರ. ಅದನ್ನು ಹಿಡಿದುಕೊಂಡು ಪೆನ್ನಿನಲ್ಲಿ ಉಳಿದ ಗುರುತು ಹಾಕಿ, ನನಗೆ ಹಾಕಿಸಿ, ಎದುರು ಕೂತು ನೋಡಿದಳು. ಹಾಗೆ ಹಾಕಿದ್ದರಲ್ಲಿ ಪ್ಲಸ್ ಗುರುತು ಸರಿಯಾಗಿ ಕಣ್ಣಿನ ಪಾಪೆಯ ಮೇಲೆ ಬೀಳಬೇಕು. ನನ್ನದು ನಾಲ್ಕು ಮಿಲಿಮೀಟರ್ ಕೆಳಗಿತ್ತು! ಅಂದರೆ ಓದುವ ಜಾಗ ಕೆನ್ನೆಯ ಕಡೆಗೆ ಇಳಿದುಬಿಟ್ಟಿತ್ತು. ಮೊದಲ ಅಂಗಡಿಯಲ್ಲಿ ಆ ಫ್ರೇಮ್ ಹಾಕಿಸಿ ಎತ್ತರ ಅಳೆದೇ ಇರಲಿಲ್ಲ. ಗಾಜು ಬದಲಾಯಿಸಿದ ಮೇಲೆ ನಾಲ್ಕೇ ದಿನಕ್ಕೆ ಹೊಂದಿಕೊಂಡಿತು.

ನೀವು ಮೊದಲು ಮಾಡಬೇಕಾದದ್ದು ಇದೇ. ಅಂಗಡಿಗೆ ಹೋಗಿ ಗುರುತು ಹಾಕಿ ತೋರಿಸಿ ಅನ್ನಿ. ಎರಡು ಪಾಪೆಗಳ ನಡುವಿನ ಅಳತೆ, ಎತ್ತರ, ಎರಡನ್ನೂ ಈ ಫ್ರೇಮ್ ಹಾಕಿಸಿಯೇ ಅಳೆದಿರಾ ಅಂತ ಕೇಳಿ. ಸಂಕೋಚ ಬೇಡ, ಅಷ್ಟು ದುಡ್ಡು ಕೊಟ್ಟಿದ್ದೀರಿ. ಎಷ್ಟೋ ಸಲ ಮೂಗಿನ ಪ್ಯಾಡ್ ಒತ್ತಿ, ಕಡ್ಡಿ ಬಗ್ಗಿಸಿದರೇ ಸರಿಹೋಗುತ್ತೆ. ಫ್ರೇಮಿನ ಗಾಜು ತೀರಾ ಸಣ್ಣದಿದ್ದರೂ ಕಷ್ಟ. 28-30 ಮಿಲಿಮೀಟರ್ ಎತ್ತರವಾದರೂ ಇರಲಿ, ಇಲ್ಲದಿದ್ದರೆ ಓದುವ ಭಾಗಕ್ಕೆ ಜಾಗವೇ ಉಳಿಯುವುದಿಲ್ಲ.

ಇನ್ನು ಪಕ್ಕದ್ದು ಅಲ್ಲಾಡುವುದು. ಅದು ಪ್ರೋಗ್ರೆಸ್ಸಿವ್‌ನ ಗುಣ, ಪೂರ್ತಿ ಹೋಗುವುದಿಲ್ಲ, ಮನಸ್ಸು ಅದನ್ನು ಬಿಟ್ಟುಬಿಡುವುದು ಕಲಿಯುತ್ತೆ. ಗಾಜಿನ ಮೇಲ್ಭಾಗ ದೂರಕ್ಕೆ, ಕೆಳಗಿಳಿಯುತ್ತಾ ಪವರ್ ಬದಲಾಗುತ್ತಾ ಹೋಗಿ ತಳದಲ್ಲಿ ಓದುವುದಕ್ಕೆ. ಬೈಫೋಕಲ್‌ನಲ್ಲಿ ಗೆರೆ ಇರುತ್ತೆ, ಇದರಲ್ಲಿ ಗೆರೆ ಇಲ್ಲ, ಅದರ ಬದಲು ಎರಡೂ ಬದಿಗೆ ಮಸುಕು ಸೇರಿಕೊಳ್ಳುತ್ತೆ. ನಡುವೆ ಸಣ್ಣ ಓಣಿ ಇದ್ದ ಹಾಗೆ. ಹಾಗಾಗಿ ಕಣ್ಣು ಹೊರಳಿಸಬೇಡಿ, ಮೂಗನ್ನೇ ಆ ಕಡೆ ತಿರುಗಿಸಿ. ನಾನು ಬೆಳಿಗ್ಗೆ ಜಗಲಿಯಲ್ಲಿ ಕೂತು ತೋಟದ ಸಿಲ್ವರ್ ಓಕ್ ಮರಗಳನ್ನು ಒಂದೊಂದಾಗಿ ನೋಡುತ್ತಿದ್ದೆ. ಮೊದಲ ದಿನ ನೆಟ್ಟಗಿನ ಕಾಂಡಗಳೆಲ್ಲ ಬಾಗಿದ ಹಾಗೆ ಕಾಣುತ್ತಿದ್ದವು, ಮೂರನೇ ದಿನಕ್ಕೆ ನೆಟ್ಟಗಾದವು.

ಮೆಟ್ಟಿಲಿನ ವಿಷಯ ಮುಖ್ಯ. ಗಾಜಿನ ತಳಭಾಗ ಸುಮಾರು 40 ಸೆಂಟಿಮೀಟರ್ ದೂರದ ಪುಸ್ತಕಕ್ಕೆ ಮಾಡಿದ್ದು. ನಿಮ್ಮ ಪಾದ ಕಣ್ಣಿನಿಂದ ಒಂದೂವರೆ ಮೀಟರ್ ದೂರ. ಕಣ್ಣನ್ನು ಮಾತ್ರ ಇಳಿಸಿದರೆ ಓದುವ ಭಾಗದಿಂದ ನೋಡುತ್ತೀರಿ, ನೆಲ ತೇಲುತ್ತೆ. ಗಲ್ಲವನ್ನು ಎದೆಗೆ ತಾಗಿಸುವಷ್ಟು ತಲೆ ಬಗ್ಗಿಸಿ, ಮೇಲಿನ ಭಾಗದಿಂದ ನೋಡಿ. ಕೈ ಕಂಬಿಯ ಮೇಲೆ ಇರಲಿ. ಬೆಟ್ಟಕ್ಕೆ ಹೋಗುವ ಹೊತ್ತಿಗೂ ಅನುಮಾನ ಇದ್ದರೆ ಅವತ್ತೊಂದು ದಿನ ಹಳೆಯ ದೂರದ ಕನ್ನಡಕವನ್ನೇ ಹಾಕಿಕೊಳ್ಳಿ, ಮಕ್ಕಳ ಜವಾಬ್ದಾರಿ ಇದೆಯಲ್ಲ. ಉಳಿದ ದಿನ ಮಾತ್ರ ಹಳೆಯದು ಹೊಸದು ಅಂತ ಬದಲಾಯಿಸುತ್ತಾ ಇರಬೇಡಿ, ಎದ್ದ ಕೂಡಲೇ ಹೊಸದನ್ನೇ ಹಾಕಿ. ಸರಿಯಾಗಿ ಹೊಂದುವವರೆಗೆ ಗಾಡಿ ಓಡಿಸಬೇಡಿ, ಅದರಲ್ಲೂ ಘಾಟಿ ಕಡೆ ಬೇಡವೇ ಬೇಡ.

ನಮ್ಮಮ್ಮ ಹೇಳುತ್ತಿದ್ದರು, ಕನ್ನಡಕ ಹಾಕಿದರೆ ಪವರ್ ಏರುತ್ತಾ ಹೋಗುತ್ತೆ ಅಂತ. ಹಾಗಲ್ಲ. ಕಣ್ಣಿನೊಳಗಿನ ಮಸೂರ ವಯಸ್ಸಾದ ಹಾಗೆ ಗಟ್ಟಿಯಾಗುತ್ತೆ, ಹತ್ತಿರದ್ದಕ್ಕೆ ಉಬ್ಬಲು ಆಗುವುದಿಲ್ಲ. ನಲವತ್ತರ ಆಚೆ ಈಚೆ ಗೊತ್ತಾಗಲು ಶುರುವಾಗಿ ಅರವತ್ತು ದಾಟುವವರೆಗೂ ಓದುವ ಪವರ್ ಬದಲಾಗುತ್ತಾ ಇರುತ್ತೆ. ಕನ್ನಡಕ ಬಿಟ್ಟರೂ ಅದು ನಿಲ್ಲುವುದಿಲ್ಲ. ಸಕ್ಕರೆ ಕಾಯಿಲೆ ಇದ್ದರೆ ಇನ್ನೊಂದು ಮಾತು: ಸಕ್ಕರೆ ಏರುಪೇರು ಆಗಿರುವಾಗ ಕಣ್ಣಿನ ಪರೀಕ್ಷೆ ಮಾಡಿಸಿ ಕನ್ನಡಕ ತೆಗೆದುಕೊಂಡರೆ, ಹತೋಟಿಗೆ ಬಂದ ಮೇಲೆ ಅದೇ ಪವರ್ ಹೊಂದುವುದಿಲ್ಲ.

ಬೇಲೂರಿನಿಂದ:

ಅಕ್ಕ, ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ನನಗೆ ಪ್ರೋಗ್ರೆಸ್ಸಿವ್ ಆಗಲೇ ಇಲ್ಲ. ಎತ್ತರ ಎಲ್ಲ ಸರಿ ಇತ್ತು, ಅಳತೆ ಎರಡು ಸಲ ನೋಡಿಸಿದೆ. ಆದರೆ ಹೊಲಿಗೆಯ ಸಾಲು ಪೂರ್ತಿ ಒಟ್ಟಿಗೆ ಕಾಣಬೇಕು, ಆ ಸಣ್ಣ ಓಣಿಯಲ್ಲಿ ನನ್ನ ಕೆಲಸ ನಡೆಯುವುದಿಲ್ಲ. ಡಾಕ್ಟರ್ ಹತ್ತಿರ ಹೋಗುವ ಮುಂಚೆ ಮೆಷಿನ್ ಮುಂದೆ ಕೂತು, ಮಗಳ ಕೈಲಿ ಟೇಪ್ ಹಿಡಿಸಿ ಕಣ್ಣಿನಿಂದ ಸೂಜಿಗೆ ಎಷ್ಟು ದೂರ ಅಂತ ಅಳೆಸಿದೆ. 17 ಇಂಚು. ಅದನ್ನೇ ಹೇಳಿ ಆ ದೂರಕ್ಕೆ ಪೂರ್ತಿ ಗಾಜು ಒಂದೇ ಪವರ್ ಇರುವ ಕನ್ನಡಕ ಮಾಡಿಸಿಕೊಂಡೆ. ಈಗ ಹೊಲಿಗೆಗೆ ಒಂದು, ಹೊರಗೆ ಹೋಗಲು ಒಂದು. ಎರಡು ಇಟ್ಟುಕೊಂಡರೆ ಏನೂ ತಪ್ಪಿಲ್ಲ, ಖರ್ಚೂ ಕಡಿಮೆ ಬಿತ್ತು. ನೀವೂ ಕಟ್ಟುಗಟ್ಟಲೆ ನೋಟ್‌ಬುಕ್ ತಿದ್ದುವವರು, ಅದಕ್ಕೇ ಒಂದು ಬೇರೆ ಇದ್ದರೆ ಕುತ್ತಿಗೆಗೆ ಆರಾಮ.

ಸಕಲೇಶಪುರದಿಂದ:

ಟೀಚರಮ್ಮ, ನಾನು ರಿಟೈರ್ ಆದ ಡ್ರೈವರ್, 67 ವರ್ಷ. ಕನ್ನಡಕದ್ದು ಮೇಲಿನವರು ಹೇಳಿದ್ದಾರೆ. ನನ್ನದು ಬೇರೆ. ಮೂರು ವರ್ಷದ ಹಿಂದೆ ಇದ್ದಕ್ಕಿದ್ದ ಹಾಗೆ ಕನ್ನಡಕ ಇಲ್ಲದೆ ಪೇಪರ್ ಓದಲು ಶುರು ಮಾಡಿದೆ. ಮನೆಯಲ್ಲೆಲ್ಲ ಖುಷಿ. ದೂರದ್ದು ಮಾತ್ರ ಮಂಜು. ಪವರ್ ಬದಲಾಗಿರಬೇಕು ಅಂತ ಅಂಗಡಿಗೆ ಹೋಗಿ ಎರಡು ಸಲ ಗಾಜು ಬದಲಾಯಿಸಿದೆ, ದುಡ್ಡು ಹೋಯಿತು. ಕೊನೆಗೆ ಡಾಕ್ಟರ್ ನೋಡಿ, ಇದು ಪೊರೆ, ಪೊರೆ ಬೆಳೆಯುವಾಗ ಕೆಲವರಿಗೆ ಸ್ವಲ್ಪ ದಿನ ಹತ್ತಿರದ್ದು ಚೆನ್ನಾಗಿ ಕಾಣುತ್ತೆ ಅಂದರು. ಆಪರೇಷನ್ ಆಯಿತು, ಈಗ ಚೆನ್ನಾಗಿದ್ದೇನೆ. ಪವರ್ ಬೇಗ ಬೇಗ ಬದಲಾದರೆ ಅಂಗಡಿ ಬಿಟ್ಟು ಡಾಕ್ಟರ್ ಹತ್ತಿರ ಹೋಗಿ, ಕಣ್ಣಿನ ಒತ್ತಡವನ್ನೂ ನೋಡಿಸಿ. ಮಿಂಚು ಹೊಡೆದ ಹಾಗೆ ಆದರೆ, ಒಂದು ಕಣ್ಣಿಗೆ ಪರದೆ ಎಳೆದ ಹಾಗೆ ಆದರೆ, ಬಾಗಿಲ ಚೌಕಟ್ಟು ಒಂದೇ ಕಣ್ಣಿಗೆ ಸೊಟ್ಟಗೆ ಕಂಡರೆ ಅವತ್ತೇ ಹೋಗಬೇಕು. ಅದು ಕನ್ನಡಕದ ವಿಷಯ ಅಲ್ಲ.

ಹಾಸನದ ಟೀಚರ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಸ್ಕೂಲ್ ಬಿಟ್ಟ ಮೇಲೆ ಅಂಗಡಿಗೆ ಹೋಗಿ ಗುರುತು ಹಾಕಿಸಿದೆ. ಬಲಗಣ್ಣಿನದು ಸರಿ ಇದೆ, ಎಡಗಣ್ಣಿನದು ಎರಡು ಮಿಲಿಮೀಟರ್ ಕೆಳಗಿದೆ. ಫ್ರೇಮೇ ಒಂದು ಕಡೆ ವಾಲಿತ್ತಂತೆ. ಪ್ಯಾಡ್ ಮತ್ತು ಕಡ್ಡಿ ಸರಿ ಮಾಡಿಕೊಟ್ಟರು, ಒಂದು ವಾರ ನೋಡಿ, ಆಗದಿದ್ದರೆ ಗಾಜು ಬದಲಾಯಿಸುತ್ತೇವೆ ಅಂದಿದ್ದಾರೆ. ಅಂಗಡಿಯ ಮೂರು ಮೆಟ್ಟಿಲು ಗಲ್ಲ ಬಗ್ಗಿಸಿ ಇಳಿದೆ. ಮೂರೂ ಕಂಡವು.